ಟಪಾಲು ವಿಮಾನ ಬಿದ್ದ ಬೆಟ್ಟ

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ವಿರಾಜಪೇಟೆಯಿಂದ ಇರಿಟ್ಟಿ ಬಸ್ಸು ಹತ್ತಿದ್ದೆ. ಕಣ್ಣೂರಿನಲ್ಲಿ ರೈಲು ಹಿಡಿಯಬೇಕಿತ್ತು. ಮಾಕುಟ್ಟದ ಚೆಕ್‌ಪೋಸ್ಟ್ ಇನ್ನೂ ದೂರವಿರುವಾಗಲೇ ಮಂಜು ಎಷ್ಟು ದಟ್ಟವಾಯಿತೆಂದರೆ, ಡ್ರೈವರ್ ಬಸ್ಸನ್ನು ಬದಿಗೆ ಒತ್ತಿ ಎಂಜಿನ್ ನಿಲ್ಲಿಸಿಬಿಟ್ಟ. ಕಿಟಕಿಯ ಸಂದಿಯಿಂದ ನೀರು ಸೋರಿ ನನ್ನ ಸೀರೆಯ ಒಂದು ಮಗ್ಗುಲು ಒದ್ದೆಯಾಗಿತ್ತು. ಅಷ್ಟರಲ್ಲಿ ಮೇಲಿನ ಗುಡ್ಡದಿಂದ ಎರಡು ಸದ್ದು ಕೇಳಿತು, ಒಂದರ ಬೆನ್ನಿಗೇ ಇನ್ನೊಂದು. ಪಕ್ಕದಲ್ಲಿದ್ದ ಹೆಂಗಸು ಕಲ್ಲು ಒಡೆಯುವ ಸದ್ದಿರಬೇಕು ಎಂದಳು. ಹಿಂದಿನ ಸೀಟಿನವನು ಪಟಾಕಿ ಎಂದ. ನಾನು ಮಾತ್ರ ಎದ್ದು ನಿಂತಿದ್ದೆ. ಯೋಚನೆ ಮಾಡಿ ಎದ್ದದ್ದಲ್ಲ, ಕಾಲುಗಳೇ ಎದ್ದವು.

"ಎಂತ ಮೇಡಂ, ನಿಮ್ಮದು ಇರಿಟ್ಟಿ ಟಿಕೆಟಲ್ವಾ?" ಎಂದು ಕಂಡಕ್ಟರ್ ಕೇಳಿದ.

"ಮುಂದಿನ ಸ್ಟಾಪಲ್ಲಿ ಇಳಿಸಿಬಿಡಿ," ಎಂದೆ.

ಬಸ್ಸು ತೆವಳುತ್ತಾ ಒಂದು ತಿರುವು ದಾಟಿ ಅಂಚೆ ಕಚೇರಿಯ ಪಕ್ಕದ ಮೊಯ್ದುಕಾಕನ ಹೋಟೆಲಿನ ಎದುರು ನಿಂತಿತು. ಡ್ರೈವರಿನ ಪಕ್ಕದಲ್ಲಿದ್ದ ಟಪಾಲು ಚೀಲವೂ ಅಲ್ಲೇ ಇಳಿಯಿತು. ಮೊಯ್ದುಕಾಕ ಆಗಲೇ ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ಇಷ್ಟು ವರ್ಷದ ಮೇಲೆ ನನ್ನನ್ನು ಕಂಡರೂ ಅವರಿಗೆ ಆಶ್ಚರ್ಯವಾಗಲಿಲ್ಲ.

"ಗುಂಡು ಕೇಳಿ ಇಳಿದದ್ದಾ ಟೀಚರೇ?"

"ಯಾರ ಮನೆ ಕಾಕಾ?"

"ಪೂವಮ್ಮಜ್ಜಿ," ಎಂದು ಅವರು ಮೇಲಿನ ಗುಡ್ಡದ ಕಡೆ ನೋಡಿದರು. "ಬೆಳಿಗ್ಗೆ ಗಂಜಿ ಕುಡಿದು ಹಾಗೇ ಹೋದ್ರಂತೆ."

ಅಲ್ಲಿಂದ ಅಜ್ಜಿಯ ಮನೆಗೆ ಅರ್ಧ ಗಂಟೆಯ ಏರು. ಅದನ್ನು ಹತ್ತುತ್ತಾ ನೆನೆದ ಒಂದು ಮಳೆಗಾಲದ ಕತೆ ಇದು.

ನಾನು ಕೊಡ್ಲಿಪೇಟೆಯವಳು. ಆ ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿದ್ದವರು ಕಾಯಿಲೆ ಬಿದ್ದು ರಜೆ ಹಾಕಿದ್ದರಿಂದ, ಜೂನ್ ಮೊದಲ ವಾರದಿಂದ ಮಳೆ ಮುಗಿಯುವವರೆಗೆ ನನ್ನನ್ನು ಇಲ್ಲಿಗೆ ಕಳಿಸಿದ್ದರು. ಊರಿನ ಹೆಸರು ಹೇಳುವುದಿಲ್ಲ. ಮುಂದೆ ಹೇಳುವ ಒಂದು ಸಂಗತಿಗೆ ಮೇಲಿನವರು ಈಗಲೂ ವಿವರಣೆ ಕೇಳಬಹುದು. ಕೊಡಗಿನ ಉತ್ತರದ ಮೂಲೆಯಿಂದ ದಕ್ಷಿಣದ ಮೂಲೆಗೆ ಬಂದ ನನಗೆ ಮಳೆ ಹೊಸದಲ್ಲ, ಮಾತು ಹೊಸದಾಗಿತ್ತು. ನಾನು "ಬತ್ತದೆ ಬುಡಿ" ಎಂದರೆ ಇಲ್ಲಿಯವರು ಇನ್ನೊಮ್ಮೆ ಹೇಳಿಸಿ ನಗುತ್ತಿದ್ದರು. ಪೆನ್ನು ಹಿಡಿದ ಹೆಂಗಸರೆಲ್ಲ ಮೊಯ್ದುಕಾಕನ ಪಾಲಿಗೆ ಟೀಚರ್. ಉಳಿದವರು ಪೋಸ್ಟಮ್ಮ ಎಂದು ಕರೆದರು. ಎರಡಕ್ಕೂ ಓಗೊಡುತ್ತಿದ್ದೆ. ಕೆಲಸದ ವಿಷಯದಲ್ಲಿ ನಾನು ಗಟ್ಟಿ ಹೆಂಗಸು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಂದ ಎರಡನೇ ವಾರಕ್ಕೆ ಸೋರುವ ಮಾಡಿನ ಹೆಂಚು ಬದಲಾಯಿತು, ಮೂರನೇ ವಾರಕ್ಕೆ ಸೋಮಾರಿ ತಕ್ಕಡಿ ಸರಿಯಾಯಿತು.

ಸರಿಹೋಗದೆ ಉಳಿದದ್ದು ಪೂವಮ್ಮಜ್ಜಿ ಮಾತ್ರ.

ಎಪ್ಪತ್ತು ದಾಟಿದ ಜೀವ. ದಿನಾ ಬೆಳಿಗ್ಗೆ ಗುಡ್ಡ ಇಳಿದು ಬಂದು, ಕೊಡೆಯನ್ನು ಬಾಗಿಲ ಮೂಲೆಗಿಟ್ಟು, ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಒಂದೇ ಪ್ರಶ್ನೆ: "ಟಪಾಲು ಬಂತಾ ಮಗಳೇ?" ಬಂತು ಎಂದರೆ ಚೀಲವನ್ನು ಕಣ್ಣಾರೆ ನೋಡಿ, ಒಮ್ಮೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಚೀಲ ಬಿಚ್ಚುವವರೆಗೂ ನಿಲ್ಲುತ್ತಿರಲಿಲ್ಲ. ಕಾಗದದ ದಾರಿ ಕಾಯುವವರು ಬಿಚ್ಚುವ ಮೊದಲೇ ಹೋಗುವುದಿಲ್ಲ, ಇದು ನನ್ನ ಇಪ್ಪತ್ತು ವರ್ಷದ ಅನುಭವ. ಒಂದು ದಿನ ಕೇಳಿಯೇಬಿಟ್ಟೆ.

"ಯಾರ ಕಾಗದ ಬರಬೇಕು ಅಜ್ಜಿ?"

"ನನಗೆ ಯಾರು ಬರೀತಾರೆ? ಮಗ ಮನೆಯಲ್ಲೇ ಉಂಟಲ್ಲ."

"ಮತ್ತೆ ದಿನಾ ಯಾಕೆ ಬರೋದು, ಈ ಮಳೇಲಿ?"

"ಬಂತಾ ಅಂತ ನೋಡ್ಲಿಕ್ಕೆ."

ವಯಸ್ಸಾಯಿತು, ಬುದ್ಧಿ ಸ್ವಲ್ಪ ಅತ್ತಿತ್ತ ಆಗಿದೆ ಎಂದುಕೊಂಡೆ. ಅದು ಎಷ್ಟು ತಪ್ಪೆಂದು ಆಮೇಲೆ ಗೊತ್ತಾಗಿ, ನನ್ನ ಬುದ್ಧಿಯ ಬಗ್ಗೆ ನನಗಿದ್ದ ವಿಶ್ವಾಸ ಸ್ವಲ್ಪ ಕಡಿಮೆಯಾಯಿತು.

ಜುಲೈ ಅರ್ಧ ಕಳೆದು ಕಕ್ಕಡ ತಿಂಗಳು ಹುಟ್ಟಿತು. ಕೊಡಗಿನಲ್ಲಿ ಅದು ಮಳೆಯ ನೆತ್ತಿ. ಗದ್ದೆಯ ನಾಟಿ ಬಿಟ್ಟರೆ ಬೇರೆ ಮಾತಿಲ್ಲ, ಬಟ್ಟೆ ಒಣಗುವುದಿಲ್ಲ, ಬೆಂಕಿಪೆಟ್ಟಿಗೆಯನ್ನು ಒಲೆಯ ಬದಿಯಲ್ಲೇ ಇಟ್ಟುಕೊಳ್ಳಬೇಕು. ಅಂಥ ಒಂದು ಬೆಳಿಗ್ಗೆ ಬಸ್ಸು ಬರಲಿಲ್ಲ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅಜ್ಜಿ ಬೆಂಚು ಬಿಟ್ಟು ಏಳಲಿಲ್ಲ. ಹನ್ನೊಂದೂವರೆಗೆ ಬಾಗಿಲಿಗೆ ಬಂದು ನಿಂತರು.

"ಹುಡುಕ್ಲಿಕ್ಕೆ ಯಾರಾದ್ರೂ ಹೋದ್ರಾ?"

"ಬಸ್ಸಲ್ವಾ ಅಜ್ಜಿ, ಕಳೆದುಹೋಗೋಕೆ ಅದೇನು ಹಸುವಾ? ಎಲ್ಲೋ ಮರ ಬಿದ್ದದೆ, ಬತ್ತದೆ ಬುಡಿ."

ಆ ದಿನ ಅವರು ನಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. "ಹಾಗೇ ಹೇಳಿದ್ದು ಅವತ್ತೂ," ಎಂದರು. "ಯಾರೂ ಹೋಗ್ಲಿಲ್ಲ." ಅವತ್ತು ಎಂದರೆ ಯಾವತ್ತು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಕೂತಿರುವುದಕ್ಕಿಂತ ಹೋಗಿ ನೋಡುವುದೇ ಲೇಸೆಂದು ರೇನ್‌ಕೋಟು ಹಾಕಿಕೊಂಡು ವಿರಾಜಪೇಟೆಯ ದಿಕ್ಕಿಗೆ ನಡೆದೆ. ನಾಲ್ಕನೇ ತಿರುವಿನಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಮಲಗಿತ್ತು. ಅದರಾಚೆ ಬಸ್ಸು, ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದ ಜನ. ಡ್ರೈವರ್ ಮರದ ಮೇಲಿಂದ ಚೀಲ ದಾಟಿಸಿದ. ಟಪಾಲು ನೆನೆಯಬಾರದು, ಅದು ನಮಗೆ ಕೆಲಸಕ್ಕೆ ಸೇರಿದ ದಿನವೇ ಕಲಿಸುವ ಪಾಠ. ರೇನ್‌ಕೋಟು ಬಿಚ್ಚಿ ಚೀಲಕ್ಕೆ ಹೊದೆಸಿ, ತಲೆಯ ಮೇಲಿಟ್ಟುಕೊಂಡು ವಾಪಸು ನಡೆದೆ. ಕಚೇರಿ ತಲುಪುವಾಗ ನನ್ನ ಮೈಮೇಲೆ ಒಣಗಿದ ಜಾಗ ಒಂದಿಂಚೂ ಇರಲಿಲ್ಲ.

ಅಜ್ಜಿ ನನ್ನನ್ನು ನೋಡಿದರು. ಚೀಲವನ್ನು ನೋಡಿದರು. ಅದರ ಮೇಲಿದ್ದ ರೇನ್‌ಕೋಟನ್ನು ಮುಟ್ಟಿದರು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು, ಮಕ್ಕಳು ಅಳುವ ಹಾಗೆ ಬಾಯಿ ಬಿಟ್ಟು ಅತ್ತರು.

"ಅವನೂ ಹೀಗೇ ಮಾಡಿದ್ದು ಮಗಳೇ. ಹೀಗೇ."

ಆ ಮಧ್ಯಾಹ್ನ, ನನ್ನ ಸೀರೆಯಿಂದ ನೀರು ಇಳಿಯುತ್ತಿರುವಾಗಲೇ, ಅವರು ಹೇಳಿದ್ದು ಇದು.

ಸ್ವಾತಂತ್ರ್ಯ ಬಂದ ಹೊಸತು. ಪೂವಮ್ಮಜ್ಜಿಗೆ ಆಗ ಏಳು ವರ್ಷ. ಕಕ್ಕಡ ಹದಿನೆಂಟರ ಬೆಳಿಗ್ಗೆ, ಮನೆಮನೆಯಲ್ಲಿ ಆ ದಿನಕ್ಕೆಂದೇ ಮಾಡುವ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಬೇಯುತ್ತಿತ್ತು. ಬೆಟ್ಟದ ಮೇಲೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಆ ಮಂಜಿನೊಳಗಿಂದ ಎರಡು ಸದ್ದು ಬಂತು, ಒಂದರ ಬೆನ್ನಿಗೇ ಇನ್ನೊಂದು.

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕೊಡಗಿನ ಮನೆಗಳಲ್ಲಿ ಕೋವಿ ಬರೀ ಬೇಟೆಗಲ್ಲ, ಊರಿಗೆ ಸುದ್ದಿ ಮುಟ್ಟಿಸುವುದಕ್ಕೂ ಹೌದು. ಹುಟ್ಟಿಗೆ ಒಂದು ಗುಂಡು. ಬೆನ್ನುಬೆನ್ನಿಗೆ ಎರಡು ಗುಂಡು ಕೇಳಿದರೆ ಸಾವು. ಸಾವಿನ ಗುಂಡು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಕಟ್ಟಿಗೆ ಕಡಿಯಲು ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಆ ಮನೆಗೆ ಹೊರಡಬೇಕು. ಯಾರೂ ಬಂದು ಕರೆಯುವುದಿಲ್ಲ, ಗುಂಡೇ ಕರೆ.

ಆ ದಿನಗಳಲ್ಲಿ ಪೂವಮ್ಮಜ್ಜಿಯ ಅಜ್ಜ, ಊರಿನ ಹಿರಿಯ, ತಿಂಗಳಿನಿಂದ ಹಾಸಿಗೆ ಹಿಡಿದಿದ್ದರು. ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ಇಡೀ ಊರು ಪಾಯಸದ ಪಾತ್ರೆ ಒಲೆಯ ಮೇಲೇ ಬಿಟ್ಟು, ಕತ್ತಿ ಹಿಡಿದು ಅವರ ಅಂಗಳಕ್ಕೆ ಬಂತು. ಬಂದು ನೋಡಿದರೆ ಅಜ್ಜ ಜಗಲಿಯ ಹಲಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಾರೆ! ತಿಂಗಳಾದ ಮೇಲೆ ಅಂದೇ ಎದ್ದು ಕೂತದ್ದು. "ಯಾರು ಹೋದದ್ದು?" ಎಂದು ಅವರೇ ಬಂದವರನ್ನು ಕೇಳಿದರು. ಹಾಗಾದರೆ ಬೇರೆ ಯಾವ ಮನೆ ಎಂದು ಮನೆಮನೆಗೆ ಜನ ಓಡಿದರು. ಮಧ್ಯಾಹ್ನದ ಹೊತ್ತಿಗೆ ಊರಿನ ಪ್ರತಿ ತಲೆಯನ್ನೂ ಲೆಕ್ಕ ಹಾಕಿ ಆಯಿತು. ಎಲ್ಲರೂ ಬದುಕಿದ್ದರು. ಸಂತೋಷಕ್ಕೆ ಅಜ್ಜನ ಮನೆಯಲ್ಲೇ ಊಟ, ಹಾಡು, ಕುಡಿತ ಸಂಜೆಯವರೆಗೆ ನಡೆಯಿತು.

"ನಾನು ಅವ್ವನ ಹತ್ರ ಹೇಳಿದೆ," ಎಂದರು ಅಜ್ಜಿ. "ಬೆಟ್ಟದಲ್ಲಿ ಯಾರೋ ಸೀಟಿ ಊದ್ತಾ ಉಂಟು ಅಂತ. ಎರಡು ಸಲ ಹೇಳಿದೆ. ಕಕ್ಕಡದಲ್ಲಿ ಕಾಡಿನ ಸದ್ದಿಗೆ ಓಗೊಡಬಾರದು, ಬಾಯಿ ಮುಚ್ಚು ಅಂದ್ರು. ಮುಚ್ಚಿದೆ."

ಮರುದಿನ ದನ ಹುಡುಕಲು ಹೋದವರಿಗೆ ವಿಮಾನ ಕಂಡಿತು. ಟಪಾಲು ಹೊತ್ತ ಸಣ್ಣ ವಿಮಾನ, ಕರಾವಳಿಯ ಕಡೆಯಿಂದ ಬಂದು ಮಂಜಿನಲ್ಲಿ ದಾರಿ ತಪ್ಪಿತ್ತು. ಮೊದಲು ಮರಕ್ಕೆ, ಆಮೇಲೆ ಬಂಡೆಗೆ ಬಡಿದಿತ್ತು. ಅದೇ ಆ ಎರಡು ಸದ್ದು. ಒಬ್ಬನೇ ಮನುಷ್ಯ. ಹೊರಗೆ ತೆವಳಿ ಬಂದು, ಮುರಿದ ಕಾಲಿಗೆ ಬಟ್ಟೆ ಕಟ್ಟಿಕೊಂಡು, ಮರಕ್ಕೆ ಒರಗಿ ಸತ್ತಿದ್ದ. ಅವನ ರೇನ್‌ಕೋಟು ಅವನ ಮೈಮೇಲೆ ಇರಲಿಲ್ಲ. ಟಪಾಲು ಚೀಲಗಳ ಮೇಲೆ ಹೊದೆಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದ. ಹಿಂದಿನ ಸಂಜೆಯವರೆಗೂ ಜೀವ ಇದ್ದಿರಬೇಕು ಎಂದು ಬಂದ ಡಾಕ್ಟರು ಹೇಳಿದರಂತೆ. ಎತ್ತಿನ ಗಾಡಿಯಲ್ಲಿ ಹೆಣ ಮತ್ತು ಚೀಲಗಳು ವಿರಾಜಪೇಟೆಗೆ ಹೋದವು. ತಗಡನ್ನು ಊರಿನವರು ಹಂಚಿಕೊಂಡರು. ಮೊಯ್ದುಕಾಕನ ಹೋಟೆಲಿನ ಮೇಜಿಗೆ ಹೊಡೆದ ತಗಡು ಆ ರೆಕ್ಕೆಯದ್ದೇ. ಎರಡು ತಿಂಗಳಿನಿಂದ ನಾನು ಅದರ ಮೇಲೆ ಲೋಟ ಇಟ್ಟು ಟೀ ಕುಡಿಯುತ್ತಿದ್ದೆ.

"ಅವನಿಗೆ ಯಾರೂ ಗುಂಡು ಹೊಡೀಲಿಲ್ಲ," ಎಂದರು ಅಜ್ಜಿ. "ಅವನ ಗುಂಡು ಅವನೇ ಹೊಡ್ಕೊಂಡಾಯ್ತಲ್ಲ ಅಂದ್ರು ದೊಡ್ಡವರು. ಸತ್ತವ ತನ್ನ ಗುಂಡು ತಾನೇ ಹೊಡ್ಕೊಳ್ಳೋದುಂಟಾ ಮಗಳೇ? ಆ ಗುಂಡಿಗೆ ನಾವು ಹೋಗ್ಲೂ ಇಲ್ಲ. ನಾನು ಹೋಗುವ ಮೊದಲು ಅವನಿಗೆ ಎರಡು ಗುಂಡು ಆಗ್ಬೇಕು. ಪೊನ್ನಪ್ಪನಿಗೆ ಹೇಳಿ ಹೇಳಿ ಸಾಕಾಯ್ತು."

ಪೊನ್ನಪ್ಪ ಅವರ ಮಗ. ಕಾಫಿ ತೋಟ ನೋಡಿಕೊಂಡಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಮರುದಿನ ಸಂಜೆ ಅವರ ಮನೆಗೆ ಹೋಗಿ ಕೇಳಿದೆ. ನನ್ನನ್ನು ಅಂಗಳದ ಅಂಚಿಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು.

"ನನಗೆ ಮನಸ್ಸಿಲ್ಲ ಅಂತಲ್ಲ ಪೋಸ್ಟಮ್ಮ. ನಮ್ಮ ಮನೆಯಲ್ಲಿ ಎರಡು ಗುಂಡು ಕೇಳಿದ್ರೆ ಊರಿಗೆ ಊರೇ ಅವ್ವ ಹೋದ್ರು ಅಂತ ಬರ್ತದೆ. ಬಂದು ನೋಡಿದ್ರೆ ಅವ್ವ ಕೂತಿರ್ತಾರೆ. ಸುಳ್ಳು ಗುಂಡು ಅಂತಾಗ್ತದೆ. ಒಮ್ಮೆ ಸುಳ್ಳಾದ್ರೆ ಮುಂದೆ ನಮ್ಮ ಗುಂಡಿಗೆ ಯಾರು ಎದ್ದು ಬರ್ತಾರೆ? ಅವ್ವನ ದಿನ ನನ್ನ ಅಂಗಳ ಖಾಲಿ ಇದ್ರೆ ನಾನು ಎಂತ ಮಾಡ್ಲಿ?"

ಅದು ಹೆದರಿಕೆ, ಆದರೆ ಹುಸಿ ಹೆದರಿಕೆಯಲ್ಲ. ಅಮ್ಮನ ಆಸೆಗೂ ಅಮ್ಮನ ಕೊನೆಯ ಮರ್ಯಾದೆಗೂ ನಡುವೆ ಆ ಮನುಷ್ಯ ಸಿಕ್ಕಿಹಾಕಿಕೊಂಡಿದ್ದ. ಉತ್ತರ ಹೊಳೆದದ್ದು ಜಗಲಿಯಲ್ಲಿದ್ದ ಅಜ್ಜಿಗೆ. ಅವರ ಕಿವಿ ಚುರುಕಾಗಿಯೇ ಇತ್ತು.

"ನಮ್ಮ ಮನೆ ಯಾಕೆ? ಅವ ಟಪಾಲಿನವ. ಇವಳೂ ಟಪಾಲಿನವಳು. ಅವನಿಗೆ ಈ ಊರಲ್ಲಿ ಮನೆ ಅಂತ ಇದ್ರೆ ಅದು ಪೋಸ್ಟಾಫೀಸು. ಸಂಬಂಧ ಅಂತ ಇದ್ರೆ ಇವಳು."

ಅಷ್ಟು ನೇರವಾಗಿ ನನ್ನನ್ನು ಯಾರೂ ಯಾರಿಗೂ ಸಂಬಂಧ ಮಾಡಿರಲಿಲ್ಲ. ರಾತ್ರಿ ಕೋಣೆಗೆ ಹೋಗಿ ಇಲಾಖೆಯ ನಿಯಮಗಳ ಪುಸ್ತಕ ತಿರುವಿ ಹಾಕಿದೆ. ಅಂಚೆ ಕಚೇರಿಯ ಅಂಗಳದಲ್ಲಿ ಕೋವಿ ಹೊಡೆಯಬಾರದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹೊಡೆಯಬಹುದು ಎಂದೂ ಇರಲಿಲ್ಲ, ಆ ಭಾಗವನ್ನು ನಾನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಊರಿಗೆ ಮೊದಲೇ ತಿಳಿಸೋಣ, ಆಗ ಯಾರೂ ತಪ್ಪು ತಿಳಿಯುವುದಿಲ್ಲ ಎಂದೆ. ಕಚೇರಿಯ ಅಂಗಳಕ್ಕೆ ಒಪ್ಪಿದ ಪೊನ್ನಪ್ಪ ಇದಕ್ಕೆ ಒಪ್ಪಲಿಲ್ಲ. "ಹೇಳಿ ಕರೆದ್ರೆ ಅದು ಮೀಟಿಂಗ್ ಆಗ್ತದೆ. ಗುಂಡು ಕೇಳಿ ಬಂದ್ರೆ ಮಾತ್ರ ಸಾವು." ಮಾಡುವುದಾದರೆ ಸರಿಯಾಗಿಯೇ ಮಾಡಬೇಕು ಎನ್ನುವ ಜಾತಿಯ ಮನುಷ್ಯ. ಆ ಕ್ಷಣದಿಂದ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಕಕ್ಕಡ ಹದಿನೆಂಟು ಆ ವರ್ಷ ಭಾನುವಾರ ಬಿತ್ತು. ಕಚೇರಿಗೆ ರಜೆ. ಬೆಳಿಗ್ಗೆ ಅಜ್ಜಿ ಬಿಳಿ ಸೀರೆ ಉಟ್ಟು ಬಂದು ತಮ್ಮ ಬೆಂಚಿನ ಮೇಲೆ ಕೂತರು. ಪೊನ್ನಪ್ಪ ಜೋಡು ನಳಿಗೆಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು, ಬೆಟ್ಟ ಮಾತ್ರ ಕಾಣುತ್ತಿರಲಿಲ್ಲ. ಅಂಗಳದ ನಡುವೆ ನಿಂತು, ನಳಿಗೆಯನ್ನು ಬೆಟ್ಟದ ಕಡೆಗೆ ಎತ್ತಿ, ಒಂದರ ಬೆನ್ನಿಗೆ ಇನ್ನೊಂದು ಹೊಡೆದರು. ಮದ್ದಿನ ವಾಸನೆ ಒದ್ದೆ ಗಾಳಿಯಲ್ಲಿ ಮೇಲೇಳದೆ ಅಂಗಳದಲ್ಲೇ ನಿಂತುಬಿಟ್ಟಿತು.

ಆಮೇಲೆ ಕಾಯುವ ಕೆಲಸ. ನಾನು ಧೈರ್ಯವಂತೆ, ಆದರೂ ಆ ಇಪ್ಪತ್ತು ನಿಮಿಷದಲ್ಲಿ ಅಂಗಳದ ಅಂಚಿಗೆ ಹತ್ತು ಸಲ ಹೋಗಿ ಬಂದೆ. ಬೈದರೆ ನನ್ನನ್ನು ಬೈಯಲಿ, ತಿಂಗಳೆರಡು ಕಳೆದರೆ ನಾನು ಹೋಗುವವಳು. ಪೊನ್ನಪ್ಪ ಇಲ್ಲೇ ಬಾಳಬೇಕು.

ಬಂದರು. ಮೇಲಿನಿಂದ ಇಬ್ಬರು, ಗದ್ದೆಯ ಕಡೆಯಿಂದ ನಾಲ್ವರು, ತೋಟದ ಕೆಲಸಗಾರರ ಲೈನ್ ಮನೆಗಳಿಂದ ಒಂದು ಗುಂಪು. ಕೊಡೆ, ಕಂಬಳಿ, ಸೊಂಟದಲ್ಲಿ ಕತ್ತಿ. ಅರ್ಧ ಗಂಟೆಯೊಳಗೆ ಅಂಗಳ ತುಂಬಿತು. ಎಲ್ಲರ ಕಣ್ಣೂ ಮೊದಲು ಹೋದದ್ದು ಬೆಂಚಿನ ಮೇಲೆ ಕೂತಿದ್ದ ಪೂವಮ್ಮಜ್ಜಿಯ ಮೇಲೆ. ಅಚ್ಚಯ್ಯ ಎಂಬ ಹಿರಿಯರು ಮುಂದೆ ಬಂದು ಕೇಳಿದರು.

"ಯಾರು ಹೋದದ್ದು?"

ಉತ್ತರ ಕೊಡಬೇಕಾದವಳು ನಾನು. "ನಮ್ಮವರು," ಎಂದೆ. "ವಿಮಾನದಲ್ಲಿ ಟಪಾಲು ತರ್ತಿದ್ದವರು. ಆ ಬೆಟ್ಟದಲ್ಲಿ ಬಿದ್ದವರು. ಅವರಿಗೆ ಗುಂಡು ಆಗಿರಲಿಲ್ಲ. ಇವತ್ತು ಹೊಡೆಸಿದ್ದು ನಾನು. ತಪ್ಪಾಗಿದ್ರೆ ನನಗೆ ಹೇಳಿ, ಪೊನ್ನಪ್ಪನೋರಿಗೆ ಹೇಳಬೇಡಿ."

ಎಲ್ಲರ ಮನೆಯಲ್ಲೂ ಒಲೆಯ ಮೇಲೆ ಪಾಯಸ ಇತ್ತು, ನನಗೆ ಗೊತ್ತಿತ್ತು. ಅಚ್ಚಯ್ಯನವರು ಬೆಟ್ಟದ ಕಡೆ ತಿರುಗಿದರು.

"ನಮ್ಮಪ್ಪ ಇದನ್ನೇ ಹೇಳಿ ಹೇಳಿ ಸತ್ತದ್ದು," ಎಂದರು. "ಅವತ್ತು ಅವರೂ ಹಾಡಿದವರೇ." ಆಮೇಲೆ ಸೊಂಟದ ಕತ್ತಿ ಮುಟ್ಟಿ ನೋಡಿಕೊಂಡರು. "ಕಟ್ಟಿಗೆ ಬೇಡ ಹಾಗಾದ್ರೆ. ಕೆಲಸ ಎಂತ ಉಂಟು?"

"ಮೇಲೆ ದಾರಿ ಮುಚ್ಚಿ ಹೋಗಿದೆ," ಎಂದರು ಪೊನ್ನಪ್ಪ.

ಅಷ್ಟೇ ಸಾಕಾಯಿತು. ಸಾವಿಗೆ ಬಂದವರು ಕತ್ತಿಗೆ ಕೆಲಸ ಕೊಡದೆ ಹಿಂದಿರುಗುವವರಲ್ಲ. ಲಂಟಾನ ಕಡಿಯುತ್ತಾ ಗುಡ್ಡ ಹತ್ತಿದರು. ನಾನೂ ಹಿಂದೆ ಹೋದೆ, ಜಿಗಣೆಗಳಿಗೆ ರಕ್ತ ಕೊಡುತ್ತಾ. ತಲೆಮಾರುಗಳಿಂದ ಪೊದೆ ನುಂಗಿದ್ದ ಎಂಜಿನ್ನಿನ ಗಡ್ಡೆ, ತುಕ್ಕು ಹಿಡಿದು ಕೆಂಪಾಗಿ, ಮಧ್ಯಾಹ್ನದ ಹೊತ್ತಿಗೆ ಬಯಲಾಯಿತು. ಅದರ ಸುತ್ತ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು ಇಳಿದೆವು.

ಕೆಳಗೆ ಬಂದಾಗ ಮೊಯ್ದುಕಾಕ ಕಚೇರಿಯ ಜಗಲಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಗಂಜಿ, ಚಟ್ನಿ ಇಟ್ಟುಕೊಂಡು ಕಾಯುತ್ತಿದ್ದರು.

"ಇದೆಂತ ಕಾಕಾ?"

"ಸಾವಿನ ಮನೆಯಲ್ಲಿ ಒಲೆ ಹಚ್ಚಲಿಕ್ಕಿಲ್ಲ ಟೀಚರೇ. ಅಕ್ಕಪಕ್ಕದವರು ತರಬೇಕು. ನಿಮಗೆ ಪಕ್ಕದಲ್ಲಿ ಇರೋದು ನಾನೊಬ್ಬ ಅಲ್ವಾ?"

ನಾನು ಅತ್ತೆ. ಮುಚ್ಚಿಡುವಂಥದ್ದೇನಿಲ್ಲ, ಎಲ್ಲರ ಎದುರೇ ಅತ್ತೆ. ಹೆಸರು ಗೊತ್ತಿಲ್ಲದ, ಮುಖ ಕಾಣದ ಒಬ್ಬ ಮನುಷ್ಯನಿಗಾಗಿ, ತಮ್ಮನನ್ನು ಕಳೆದುಕೊಂಡವಳ ಹಾಗೆ. ಅಜ್ಜಿ ಅಳಲಿಲ್ಲ. ಗಂಜಿ ಕುಡಿದು, ಬಟ್ಟಲು ತೊಳೆದಿಟ್ಟು, ಕೊಡೆ ತೆಗೆದುಕೊಂಡರು. ನಾಳೆಯಿಂದ ಅವರು ಬರಲಿಕ್ಕಿಲ್ಲ ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬೆಂಚಿನ ಮೇಲಿದ್ದರು.

"ಟಪಾಲು ಬಂತಾ ಮಗಳೇ?"

ಸೆಪ್ಟೆಂಬರ್ ಕೊನೆಯಲ್ಲಿ ನಾನು ಕೊಡ್ಲಿಪೇಟೆಗೆ ಮರಳಿದೆ.

ಈಗ ಏರು ಮುಗಿದು ಅಜ್ಜಿಯ ಮನೆಯ ಕಲ್ಲು ಮೆಟ್ಟಿಲು ಬಂತು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೆ, ಕಣದಲ್ಲಿ, ಕಾಫಿ ಗಿಡಗಳ ನಡುವೆ, ಎಲ್ಲೆಲ್ಲೂ ಜನ, ನೀರು ತೊಟ್ಟಿಕ್ಕುವ ಕೊಡೆಗಳು, ಸೊಂಟದಲ್ಲಿ ಕತ್ತಿಗಳು. ಬಿಳಿ ಬಟ್ಟೆಯಲ್ಲಿದ್ದ ಪೊನ್ನಪ್ಪ ನನ್ನನ್ನು ಕಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಎಲ್ಲರೂ ಬಂದಿದ್ದಾರೆ ಪೋಸ್ಟಮ್ಮ," ಎಂದರು. "ಒಂದು ಮನೆಯೂ ಬಿಡದೆ ಬಂದಿದ್ದಾರೆ."

ಒಳಗೆ ಹೋದೆ. ಅಜ್ಜಿ ಬಿಳಿ ಸೀರೆಯಲ್ಲಿ ಚಿಕ್ಕವರಾಗಿ ಕಾಣುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸರು ಸರಿದು ಜಾಗ ಕೊಟ್ಟರು. ಬಗ್ಗಿ ಕಿವಿಯ ಹತ್ತಿರ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ.

"ಟಪಾಲು ಬಂತು ಅಜ್ಜಿ. ಅದೇ ಬಸ್ಸಲ್ಲಿ ನಾನೂ ಬಂದೆ. ಚೀಲ ನೆನೆದಿಲ್ಲ."